ಪಾಡು ಮತ್ತು ನಿತ್ಯಜೀವ: ಕನಕಪುರ–ರಾಮನಗರ ಸೀಮೆಯ ಕ್ರೈಸ್ತ ಜನಪದದಲ್ಲಿ ಭರವಸೆಯ ನೆಲೆಗಳು

1. ಪ್ರವೇಶ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ ರೂಪುಗೊಂಡವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಬಂದಿದ್ದರೂ ಸಾಂಸ್ಕೃತಿಕವಾಗಿ ಇದು ಬಹುಕಾಲದಿಂದ ಒಂದೇ ಸೀಮೆ. ಸಾವನದುರ್ಗ, ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಕಬ್ಬಾಳದುರ್ಗಗಳಂತಹ ಬಂಡೆಬೆಟ್ಟಗಳು, ಅರ್ಕಾವತಿಯ ಹರಿವು, ರಾಗಿ ಮತ್ತು ರೇಷ್ಮೆಯ ದುಡಿಮೆ, ಊರಹಬ್ಬ ಮತ್ತು ಪೌರಾಣಿಕ ನಾಟಕಗಳು ಇದರ ಚಹರೆಗಳು. ಈ ಸೀಮೆಯ ಜನಪದ ಅಧ್ಯಯನ ಸಮೃದ್ಧವಾದುದು. ಎಚ್.ಎಲ್. ನಾಗೇಗೌಡರು 1994ರಲ್ಲಿ ಜಾನಪದ ಲೋಕವನ್ನು ಕಟ್ಟಿದ್ದು ರಾಮನಗರದ ಬಳಿಯಲ್ಲಿಯೇ. ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಕಾವ್ಯಗಳನ್ನು ಕುರಿತು ಜೀ.ಶಂ. ಪರಮಶಿವಯ್ಯನವರಿಂದ ಮೊದಲ್ಗೊಂಡು ಮೂರು ತಲೆಮಾರಿನ ವಿದ್ವಾಂಸರು ದುಡಿದಿದ್ದಾರೆ.

ಆದರೆ ಇದೇ ನೆಲದಲ್ಲಿ ಶತಮಾನಗಳಿಂದ ಬೇಸಾಯ ಮಾಡಿಕೊಂಡು ಬಂದಿರುವ ಕನ್ನಡ ಕ್ರೈಸ್ತರ ಆಚರಣಾಲೋಕ ಈ ವಿದ್ವತ್ತಿನ ಅಂಚಿನಲ್ಲಿಯೇ ಉಳಿದಿದೆ. ಕ್ರೈಸ್ತಧರ್ಮವೆಂದರೆ ಮಿಷನರಿ, ಮುದ್ರಣ, ನಿಘಂಟು ಮತ್ತು ಶಾಲೆ ಎಂಬ ಗ್ರಹಿಕೆ ಕನ್ನಡ ಸಂಶೋಧನೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಕೊಟ್ಟವರ ಚರಿತ್ರೆ ಬರೆಯಲ್ಪಟ್ಟಿತು. ಪಡೆದವರು ಅದನ್ನು ಹೇಗೆ ಬದುಕಿದರು ಎಂಬುದು ಬರೆಯದೇ ಉಳಿಯಿತು. ಪ್ರಸ್ತುತ ಪ್ರಬಂಧವು ಈ ಕೊರತೆಯ ಒಂದು ಮುಖವನ್ನಷ್ಟೇ ಎತ್ತಿಕೊಳ್ಳುತ್ತದೆ. ಸಾವಿನಾಚೆಗೆ ನಿತ್ಯಜೀವವಿದೆ ಎಂಬ ಕ್ರೈಸ್ತ ಭರವಸೆ ಈ ಸೀಮೆಯ ದುಡಿಯುವ ಬದುಕಿನಲ್ಲಿ ಯಾವ ರೂಪಗಳನ್ನು ತಾಳಿದೆ, ಜಾತಿ, ಭಾಷೆ ಮತ್ತು ಮತಗಳ ಒಡಕುಗಳ ಎದುರಿನಲ್ಲಿ ಆ ಭರವಸೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೇ ಇಲ್ಲಿಯ ವಿವೇಚನೆಯ ವಸ್ತು.

ಈ ವಿಷಯವನ್ನು ಕುರಿತ ಎರಡು ಸಿದ್ಧ ತೀರ್ಮಾನಗಳನ್ನು ಆರಂಭದಲ್ಲಿಯೇ ಗುರುತಿಸಿಕೊಳ್ಳಬೇಕು. ಪರಲೋಕದ ಆಸೆಯು ಇಹದ ಅನ್ಯಾಯವನ್ನು ಮರೆಸುವ ಮದ್ದು ಎಂಬುದು ಮೊದಲನೆಯದು. ಅದು ಹೊರಗಿನಿಂದ ಬಂದ ಸರಕು, ನೆಲಕ್ಕೆ ಹೊಂದದ್ದು ಎಂಬುದು ಎರಡನೆಯದು. ಒಂದು ವೈಚಾರಿಕ ಮೂಲದಿಂದ, ಮತ್ತೊಂದು ಸಾಂಸ್ಕೃತಿಕ ರಾಜಕಾರಣದಿಂದ ಹುಟ್ಟಿದ್ದರೂ ಎರಡೂ ಒಂದೇ ತಪ್ಪನ್ನು ಮಾಡುತ್ತವೆ: ಆಚರಣೆಯನ್ನು ನೋಡದೆ ತತ್ತ್ವವನ್ನಷ್ಟೇ ನೋಡುತ್ತವೆ.

2. ಚಾರಿತ್ರಿಕ ಹಿನ್ನೆಲೆ

ಮೈಸೂರು ಸಂಸ್ಥಾನದ ಒಳನಾಡಿಗೆ ಕ್ರೈಸ್ತಧರ್ಮ ಬಂದದ್ದು ವಸಾಹತು ಆಡಳಿತದ ಜೊತೆಗಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರು ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತು ಕನ್ನಡ ಕಲಿತನು. ಆಗ ಆಳುತ್ತಿದ್ದವರು ಮೈಸೂರಿನ ಒಡೆಯರು. ಶ್ರೀರಂಗಪಟ್ಟಣದಿಂದ ಪೂರ್ವಕ್ಕೆ, ಕಾವೇರಿ ಮತ್ತು ಅರ್ಕಾವತಿಯ ದಡಗುಂಟ ಹಳ್ಳಿಗಳಲ್ಲಿ ಈ ಧರ್ಮ ಹಬ್ಬಿತು. ಇಂದಿನ ಕನಕಪುರ ಅಂದು ಕಾನಕಾನಹಳ್ಳಿ.

1773ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದಾಗ ಈ ಹಳ್ಳಿಗಳ ಕ್ರೈಸ್ತರು ಹೆಚ್ಚುಕಡಿಮೆ ಗುರುಗಳಿಲ್ಲದವರಾದರು. ಅದರ ಬೆನ್ನಿಗೇ ಮೈಸೂರು ಯುದ್ಧಗಳ ಕಾಲ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವನು ಪ್ಯಾರಿಸ್ ವಿದೇಶ ಮಿಷನ್ನಿನ ಅಬ್ಬೆ ದುಬೋಯಿ. ದೇಸಿ ಉಡುಪು, ದೇಸಿ ಆಹಾರಕ್ರಮಗಳನ್ನು ಅನುಸರಿಸಿ ಜನರ ಬಾಯಲ್ಲಿ ‘ದೊಡ್ಡಸ್ವಾಮಿ’ಯಾದ ಈತ ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಮುಟ್ಟಿಸಿದನು. 1823ರಲ್ಲಿ ಸ್ವದೇಶಕ್ಕೆ ಮರಳುವ ಹೊತ್ತಿಗೆ ಹಿಂದೂಗಳ ಮತಾಂತರ ಅಸಾಧ್ಯವೆಂಬ ನಿರಾಶೆಯ ನಿಲುವನ್ನು ಪ್ರಕಟಿಸಿದನು. ಗುರುವಿಗೆ ಭರವಸೆ ಕಳೆದುಹೋಗಿತ್ತು; ಆತ ಬಿಟ್ಟುಹೋದ ಹಳ್ಳಿಗಳಲ್ಲಿ ಮಾತ್ರ ಅದು ಉಳಿದುಕೊಂಡಿತು. ಈ ವೈರುಧ್ಯ ಜನಪದ ಅಧ್ಯಯನಕ್ಕೆ ಮುಖ್ಯವಾದುದು. ಗುರುಗಳು ವರ್ಷಕ್ಕೊಮ್ಮೆ ಬರುವುದೂ ಅಪರೂಪವಾಗಿದ್ದ ದಶಕಗಳಲ್ಲಿ ಒಂದು ಧರ್ಮ ಬದುಕುಳಿಯಬೇಕಾದರೆ ಅದು ಗ್ರಂಥವನ್ನೋ ಪೀಠವನ್ನೋ ಆಶ್ರಯಿಸಲು ಸಾಧ್ಯವಿರಲಿಲ್ಲ. ಮನೆಯ ಜಪಸರ, ಬಾಯಿಪಾಠದ ಮಂತ್ರ, ಊರ ಉಪದೇಶಿ, ಹಬ್ಬದ ಪಂಚಾಂಗ ಮತ್ತು ಸಾವಿನ ಕ್ರಿಯೆಗಳೇ ಅದರ ಆಸರೆ. ಜನಪದ ರೂಪಗಳು ಇಲ್ಲಿ ಧರ್ಮದ ಅಲಂಕಾರವಾಗಿ ಹುಟ್ಟಲಿಲ್ಲ. ಧರ್ಮವನ್ನು ದಾಟಿಸಿದ ದೋಣಿಯೇ ಅವು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಮಿಷನ್ನುಗಳು ಬಂದು ಓದುವ ಧರ್ಮವನ್ನು ಮುಂದಿಟ್ಟವು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಹೀಗೆ ಈ ಸೀಮೆಯಲ್ಲಿ ಒಂದೇ ನಂಬಿಕೆಗೆ ಎರಡು ಕನ್ನಡಗಳಾದವು.

3. ಪದಗಳ ಬದುಕು

ಆ ಎರಡು ಕನ್ನಡಗಳ ನಡುವಣ ಅಂತರ ‘ಭರವಸೆ’ ಎಂಬ ಪದದಲ್ಲಿಯೇ ಕಾಣುತ್ತದೆ. ಪೌಲನು ಹೇಳುವ ಮೂರು ಸದ್ಗುಣಗಳನ್ನು ಕಥೋಲಿಕರು ವಿಶ್ವಾಸ, ಭರವಸೆ, ಪ್ರೀತಿ ಎನ್ನುತ್ತಾರೆ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಅವು ನಂಬಿಕೆ, ನಿರೀಕ್ಷೆ, ಪ್ರೀತಿ. ‘ನಿರೀಕ್ಷೆ’ ಕಣ್ಣಿನ ಪದ. ದಾರಿ ನೋಡುವವನ, ಕಾಯುವವನ ಸ್ಥಿತಿಯನ್ನು ಅದು ಹೇಳುತ್ತದೆ. ‘ಭರವಸೆ’ ಸಂಬಂಧದ ಪದ. ಒಬ್ಬರು ಕೊಟ್ಟ ಮಾತಿನ ಮೇಲೆ ಮತ್ತೊಬ್ಬರು ಭಾರ ಹಾಕುವುದು ಅದರ ಅರ್ಥ. ಆಡುಮಾತಿನಲ್ಲಿ ಮಳೆಯನ್ನು ನಿರೀಕ್ಷಿಸುತ್ತೇವೆ. ಮಗನ ಮೇಲೆ ಭರವಸೆ ಇಡುತ್ತೇವೆ. ಸಂಸ್ಥೆಗಳು ಬೇರೆ ಬೇರೆ ಪದಗಳನ್ನು ಆಯ್ದುಕೊಂಡದ್ದು ಆಕಸ್ಮಿಕವಿರಬಹುದು. ಆದರೆ ಆ ಪದಗಳು ಬಳಕೆಯಲ್ಲಿ ಎರಡು ಬಗೆಯ ಭಾವಗಳನ್ನು ಪೋಷಿಸಿವೆ ಎನ್ನುವುದು ಗಮನಾರ್ಹ.

ಇದಕ್ಕಿಂತ ಮಹತ್ವದ ಪದ ‘ಪಾಡು’. ಯೇಸುವಿನ ಬಂಧನದಿಂದ ಶಿಲುಬೆಯ ಮರಣದವರೆಗಿನ ಯಾತನೆಯನ್ನು ಕನ್ನಡ ಕಥೋಲಿಕರು ಪಾಡು ಎಂದು ಕರೆಯುತ್ತಾರೆ. ಯಾತನೆ, ಬಾಧೆ, ಶ್ರಮೆಗಳೆಂಬ ಸಂಸ್ಕೃತ ಪದಗಳು ಲಭ್ಯವಿದ್ದರೂ ಈ ದೇಸಿ ಪದ ಭಕ್ತಿಯ ಭಾಷೆಯಲ್ಲಿ ಉಳಿದುಕೊಂಡಿದೆ. ಪಾಡು ಎಂದರೆ ಕನ್ನಡದಲ್ಲಿ ಸ್ಥಿತಿ, ಗತಿ. ‘ನಮ್ಮ ಪಾಡು ಯಾರಿಗೂ ಬೇಡ’ ಎನ್ನುವ ಕೂಲಿಯವಳ ಮಾತಿನಲ್ಲಿಯೂ, ‘ಅವನ ಪಾಡಿಗೆ ಅವನಿದ್ದಾನೆ’ ಎನ್ನುವಲ್ಲಿಯೂ, ‘ಹಾಡುಪಾಡು’ ಎಂಬ ಜೋಡುನುಡಿಯಲ್ಲಿಯೂ ಇರುವುದು ಇದೇ ಪದ. ದೇವರಿಗೂ ಒಂದು ಪಾಡು ಇತ್ತು ಎಂದಾಗ ದೈವಶಾಸ್ತ್ರ ಬಹಳ ಶ್ರಮಪಟ್ಟು ವಿವರಿಸುವ ಮಾನವಾವತಾರದ ತತ್ತ್ವವನ್ನು ಭಾಷೆ ಒಂದೇ ಪದದಲ್ಲಿ ಒಪ್ಪಿಸಿಬಿಡುತ್ತದೆ. ಈ ನುಡಿಗಟ್ಟಿನೊಳಗೆ ನಿಂತ ಭಕ್ತನಿಗೆ ನಿತ್ಯಜೀವದ ಭರವಸೆಯು ತನ್ನ ಪಾಡನ್ನು ಮರೆಸುವ ಮಾತಾಗಿ ಕೇಳಿಸಲಾರದು. ತನ್ನ ಪಾಡನ್ನು ಕಂಡವನೊಬ್ಬನಿದ್ದಾನೆ ಎಂಬ ಸಾಕ್ಷಿಯಾಗಿ ಅದು ಕೇಳಿಸುತ್ತದೆ. ‘ಮರೆಸುವ ಮದ್ದು’ ಎಂಬ ಆಕ್ಷೇಪಕ್ಕೆ ಮೊದಲ ಉತ್ತರ ಇಲ್ಲಿದೆ.

ಸಾವನ್ನು ಹೇಳುವ ನುಡಿಗಳಲ್ಲಿಯೂ ಇಂಥ ಕೊಡುಕೊಳ್ಳುವಿಕೆ ಕಾಣುತ್ತದೆ. ಶಿವಭಕ್ತರು ‘ಶಿವನ ಪಾದ ಸೇರಿದರು’ ಎನ್ನುತ್ತಾರೆ; ವೈಷ್ಣವರಲ್ಲಿ ವೈಕುಂಠವಾಸ, ಶರಣರಲ್ಲಿ ಲಿಂಗೈಕ್ಯ. ಕ್ರೈಸ್ತರ ಮಾತಿನಲ್ಲಿ ‘ದೇವರ ಪಾದ ಸೇರಿದರು’ ಎಂಬುದು ಸಹಜವಾಗಿ ಬರುತ್ತದೆ. ಜೊತೆಗೆ ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂಬ ಮತ್ತೊಂದು ನುಡಿಯೂ ಇದೆ. ಪಾದ ಸೇರಿದವನ ಪಯಣ ಮುಗಿದಿದೆ, ನಿದ್ರಿಸುವವನು ಏಳಬೇಕಾಗಿದೆ. ಮೊದಲ ನುಡಿ ಕನ್ನಡದ ಸಾಮಾನ್ಯ ಆಸ್ತಿ. ಎರಡನೆಯದು ಪುನರುತ್ಥಾನವನ್ನು ಬಿಟ್ಟು ಅರ್ಥವಾಗದು. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತಿರುವುದು ಜನಪದ ಮನಸ್ಸಿನ ಲಕ್ಷಣ.

ರೇಷ್ಮೆಯ ಸೀಮೆಯಾದ ಇಲ್ಲಿ ಇನ್ನೊಂದು ಪ್ರತಿಮೆಯನ್ನೂ ಪರಿಶೀಲಿಸಬಹುದು. ಹದಿನಾರನೆಯ ಶತಮಾನದ ಸ್ಪೇನಿನ ಸಂತ ಆವಿಲಾದ ತೆರೇಸಾ ಆತ್ಮದ ರೂಪಾಂತರವನ್ನು ಹೇಳಲು ರೇಷ್ಮೆಹುಳುವನ್ನು ಬಳಸಿದಳು: ಹುಳು ತಾನೇ ಕಟ್ಟಿದ ಗೂಡಿನಲ್ಲಿ ಸಾಯುತ್ತದೆ, ಚಿಟ್ಟೆಯಾಗಿ ಹೊರಬರುತ್ತದೆ. ಪುಸ್ತಕದಲ್ಲಿ ಈ ಉಪಮೆ ಸೊಗಸಾಗಿದೆ. ಆದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ತರುವ ರೈತನಿಗೆ ಗೊತ್ತಿರುವ ಸತ್ಯ ಬೇರೆ. ಚಂದ್ರಿಕೆಯಿಂದ ಬಿಡಿಸಿದ ಗೂಡು ನೂಲು ಬಿಚ್ಚುವವರ ಬಿಸಿನೀರಿಗೆ ಹೋಗುತ್ತದೆ. ಒಳಗಿನ ಜೀವ ಹೊರಬರುವುದಿಲ್ಲ. ಹೊರಬರುವುದು ಬಿತ್ತನೆಗೆಂದು ಉಳಿಸಿದ ಗೂಡಿನಿಂದ ಮಾತ್ರ. ಬಿತ್ತನೆ ಗೂಡಿಗೆ ಹೆಸರಾದ ಮಾಗಡಿ–ಕುಣಿಗಲ್ ಕಡೆಯವರಿಗೆ ಈ ಭೇದ ಚೆನ್ನಾಗಿ ತಿಳಿದಿದೆ. ಪ್ರಕೃತಿಯಲ್ಲಿ ಪುನರುತ್ಥಾನ ತಾನಾಗಿ ನಡೆಯುತ್ತದೆ ಎಂದು ಈ ದುಡಿಮೆ ಕಲಿಸುವುದಿಲ್ಲ. ಯಾರೋ ಉಳಿಸಿದ್ದು ಮಾತ್ರ ಎದ್ದು ಬರುತ್ತದೆ ಎಂದು ಕಲಿಸುತ್ತದೆ. ‘ಉಳಿಸುವವನು’ ಎಂಬ ಅರ್ಥದ ರಕ್ಷಕ ಪದಕ್ಕೆ ಈ ಸೀಮೆಯ ಅನುಭವದಿಂದಲೇ ಬರುವ ವ್ಯಾಖ್ಯಾನ ಇದು; ತೆರೇಸಾಳ ಉಪಮೆಗಿಂತ ಕಠಿಣ, ಆದರೆ ಹೆಚ್ಚು ಪ್ರಾಮಾಣಿಕ.

4. ಬೆಟ್ಟ, ಹರಕೆ ಮತ್ತು ದೇಹ

ಕನಕಪುರ ತಾಲ್ಲೂಕಿನ ಹಾರೋಬೆಲೆ ಕಥೋಲಿಕ ಕ್ರೈಸ್ತರೇ ಬಹುಸಂಖ್ಯಾತರಾಗಿರುವ ಹಳೆಯ ಗ್ರಾಮ. ಅದರ ಬಳಿಯ ಕಪಾಲಬೆಟ್ಟ ತಪಸ್ಸುಕಾಲದಲ್ಲಿ, ವಿಶೇಷವಾಗಿ ಶುಭ ಶುಕ್ರವಾರದಂದು, ಭಕ್ತರು ಶಿಲುಬೆ ಹಾದಿಯ ಪ್ರಾರ್ಥನೆ ಮಾಡುತ್ತ ಹತ್ತುವ ಸ್ಥಳ. ಶಿಲುಬೆ ಹಾದಿ ಎಂಬುದು ಯೇಸುವಿನ ಕೊನೆಯ ಪಯಣವನ್ನು ಹದಿನಾಲ್ಕು ನಿಲ್ದಾಣಗಳಲ್ಲಿ ಧ್ಯಾನಿಸುವ ಕಥೋಲಿಕ ಜಗತ್ತಿನ ಸಾಮಾನ್ಯ ಭಕ್ತಿ. ಚರ್ಚಿನ ನಾಲ್ಕು ಗೋಡೆಗಳೊಳಗೂ ಅದನ್ನು ಆಚರಿಸಲು ಸಾಧ್ಯ. ಅದು ಇಲ್ಲಿ ಬೆಟ್ಟವನ್ನು ಬಯಸಿದ್ದು ಏಕೆ?

ಉತ್ತರಕ್ಕೆ ಬಹುದೂರ ಹೋಗಬೇಕಾಗಿಲ್ಲ. ಈ ಸೀಮೆಯಲ್ಲಿ ದೈವ ಬೆಟ್ಟದ ಮೇಲಿರುತ್ತದೆ. ಸಾವನದುರ್ಗದ ವೀರಭದ್ರ ಮತ್ತು ನರಸಿಂಹ, ರೇವಣಸಿದ್ಧೇಶ್ವರ, ರಾಮದೇವರು, ಕಬ್ಬಾಳಿನ ಕಬ್ಬಾಳಮ್ಮ ಎಲ್ಲರೂ ಬಂಡೆಯ ಆಶ್ರಯದವರು. ಬರಿಗಾಲಿನಲ್ಲಿ ಹತ್ತುವುದು, ಉಪವಾಸವಿರುವುದು, ಕೊಂಡ ಹಾಯುವುದು, ಬಾಯಿಬೀಗ ಚುಚ್ಚಿಸಿಕೊಳ್ಳುವುದು ಇಲ್ಲಿಯ ಹರಕೆಯ ವ್ಯಾಕರಣ. ಮಾತಿನ ಪ್ರಾರ್ಥನೆಗಿಂತ ದೇಹದ ಪ್ರಾರ್ಥನೆಗೆ ಇಲ್ಲಿ ಬೆಲೆ ಹೆಚ್ಚು. ಶಿಲುಬೆಯನ್ನು ಹೆಗಲ ಮೇಲೆ ಹೊತ್ತು ಬಂಡೆ ಹತ್ತುವ ಕ್ರೈಸ್ತನ ಭಕ್ತಿ ಈ ವ್ಯಾಕರಣಕ್ಕೆ ಅನುಗುಣವಾಗಿದೆ. ‘ನೆಲಕ್ಕೆ ಹೊಂದದ್ದು’ ಎಂಬ ಎರಡನೆಯ ತೀರ್ಮಾನ ಇಲ್ಲಿಯೇ ಸಡಿಲಗೊಳ್ಳುತ್ತದೆ.

ಆದರೆ ಸಾಮ್ಯವನ್ನು ತೋರಿಸಿ ನಿಲ್ಲುವುದು ಜನಪದ ವಿಮರ್ಶೆಯ ಸುಲಭದ ದಾರಿ, ಭೇದವನ್ನೂ ಹೇಳಬೇಕು. ಹರಕೆಯಲ್ಲಿ ಸಾಮಾನ್ಯವಾಗಿ ವಿನಿಮಯವಿರುತ್ತದೆ: ಮಗುವಾದರೆ, ಕಾಯಿಲೆ ವಾಸಿಯಾದರೆ, ಬೆಳೆ ಬಂದರೆ ಎಂಬ ಷರತ್ತು ಅದರ ಬೆನ್ನೆಲುಬು. ಶಿಲುಬೆ ಹಾದಿಯ ಕೊನೆಯಲ್ಲಿ ಕಾದಿರುವುದು ವರವಲ್ಲ, ಸಮಾಧಿ. ಹದಿನಾಲ್ಕನೆಯ ನಿಲ್ದಾಣದಲ್ಲಿ ಕಥೆ ಸಾವಿನಲ್ಲಿಯೇ ನಿಲ್ಲುತ್ತದೆ. ಪುನರುತ್ಥಾನಕ್ಕೆ ಎರಡು ರಾತ್ರಿ ಕಾಯಬೇಕು. ಬೆಟ್ಟ ಹತ್ತಿದವರು ಏನನ್ನೂ ಪಡೆಯದೆ ಇಳಿದು ಬರುವ ಈ ರಚನೆ ಭರವಸೆಯ ಸ್ವರೂಪವನ್ನು ಚೆನ್ನಾಗಿ ತಿಳಿಸುತ್ತದೆ. ವೈಯಕ್ತಿಕವಾಗಿ ಅನೇಕರು ಹರಕೆಯ ಷರತ್ತುಗಳನ್ನು ಹೊತ್ತೇ ಬೆಟ್ಟ ಹತ್ತುತ್ತಾರೆಂಬುದೂ ನಿಜ. ಸಂಸ್ಥೆಯ ತತ್ತ್ವ ಮತ್ತು ಜನರ ಬೇಡಿಕೆ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುತ್ತವೆ.

5. ಊರೇ ಆಡುವ ನಾಟಕ

ಹಾರೋಬೆಲೆಯ ಹೆಸರನ್ನು ನಾಡಿಗೆ ಪರಿಚಯಿಸಿರುವುದು ಪವಿತ್ರ ವಾರದ ಸಂದರ್ಭದಲ್ಲಿ ಊರಿನವರೇ ಆಡುವ ಯೇಸುವಿನ ಪಾಡಿನ ನಾಟಕ. ಶತಮಾನ ದಾಟಿದ ಈ ಪರಂಪರೆಯನ್ನು ಕನ್ನಡ ರಂಗಭೂಮಿಯ ಚರಿತ್ರೆಗಳು ಬಹುಮಟ್ಟಿಗೆ ಗಮನಿಸಿಲ್ಲ.

ಹೊರಗಿನ ಜಗತ್ತಿನಲ್ಲಿ ಇದಕ್ಕೆ ಹೋಲಿಕೆಯಾಗಿ ತಟ್ಟನೆ ನೆನಪಾಗುವುದು ಜರ್ಮನಿಯ ಓಬರ್‌ಅಮ್ಮರ್‌ಗೌ. 1633ರ ಪ್ಲೇಗಿನಿಂದ ಉಳಿದರೆ ಯೇಸುವಿನ ಯಾತನೆಯನ್ನು ಆಡುತ್ತೇವೆಂದು ಹರಕೆ ಹೊತ್ತ ಆ ಹಳ್ಳಿಯವರು 1634ರಿಂದ ಆಡುತ್ತ ಬಂದಿದ್ದಾರೆ. ಈಗ ಹತ್ತು ವರ್ಷಕ್ಕೊಮ್ಮೆ ನಡೆಯುವ ಆ ಪ್ರದರ್ಶನ 2020ರಲ್ಲಿ ಮತ್ತೊಂದು ಸಾಂಕ್ರಾಮಿಕದ ಕಾರಣದಿಂದಲೇ 2022ಕ್ಕೆ ಮುಂದೂಡಲ್ಪಟ್ಟಿತು. ಆ ನಾಟಕದ ಚರಿತ್ರೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸುವ ಅದರ ಹಳೆಯ ಪಠ್ಯ ದ್ವೇಷಕ್ಕೆ ಇಂಬಾಗಿತ್ತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆ ಆರೋಪವನ್ನು ತಿರಸ್ಕರಿಸಿದ ಮೇಲೆ ಪಠ್ಯವನ್ನು ಹಂತಹಂತವಾಗಿ ತಿದ್ದಬೇಕಾಯಿತು. ನಿತ್ಯಜೀವವನ್ನು ಸಾರುವ ಕಥೆಯೇ ಭೂಮಿಯ ಮೇಲೆ ವೈರವನ್ನು ಬೆಳೆಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಯೆಹೂದ್ಯರೇ ಇಲ್ಲದ ಕನಕಪುರ ಸೀಮೆಯಲ್ಲಿ ಅದೇ ಕಥೆಯ ಖಳರು ಬೇರೆ ಅರ್ಥ ಪಡೆಯುತ್ತಾರೆ. ಈ ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಆಡುವ ಪರಿಪಾಠ ಬಲವಾಗಿದೆ. ದುರ್ಯೋಧನನ ದರ್ಪ, ಶಕುನಿಯ ಕುತಂತ್ರಗಳಿಗೆ ಪಳಗಿದ ಪ್ರೇಕ್ಷಕನ ಕಣ್ಣಿಗೆ ಹೆರೋದನು ದರ್ಪದ ದೊರೆ, ಪಿಲಾತನು ಸತ್ಯ ಗೊತ್ತಿದ್ದೂ ಕೈತೊಳೆದುಕೊಳ್ಳುವ ಅಧಿಕಾರಿ, ಯೂದನು ಹಣಕ್ಕೆ ಗೆಳೆತನ ಮಾರಿದವನು. ಜನಾಂಗವೊಂದರ ಪ್ರತಿನಿಧಿಗಳಾಗಿ ನೋಡುವುದಕ್ಕಿಂತ ಅಧಿಕಾರದ ಬಗೆಗಳಾಗಿ ಅವರನ್ನು ನೋಡುವುದು ಈ ಪ್ರೇಕ್ಷಕನಿಗೆ ಸುಲಭ. ಕಚೇರಿಯಿಂದ ಕಚೇರಿಗೆ ಅಲೆದ ರೈತನಿಗೆ ಯೇಸುವನ್ನು ಪಿಲಾತನಿಂದ ಹೆರೋದನಿಗೆ, ಹೆರೋದನಿಂದ ಮತ್ತೆ ಪಿಲಾತನಿಗೆ ಅಟ್ಟುವ ದೃಶ್ಯಕ್ಕೆ ವಿವರಣೆ ಬೇಡ.

ಕುರುಕ್ಷೇತ್ರ ನಾಟಕಕ್ಕೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ನ್ಯಾಯ ಯುದ್ಧದಿಂದ ಸ್ಥಾಪಿತವಾಗುತ್ತದೆ, ನಾಯಕ ಗೆಲ್ಲುತ್ತಾನೆ. ಇಲ್ಲಿ ನಾಯಕ ಎದುರಾಡದೆ ಸೋಲುತ್ತಾನೆ, ಗೆಲುವು ರಂಗದ ತರ್ಕದಾಚೆಯಿಂದ ಬರುತ್ತದೆ. ಒಳ್ಳೆಯ ಪಾಡಿನ ನಾಟಕವು ಸಾವನ್ನು ಅವಸರದಿಂದ ದಾಟಿ ಪುನರುತ್ಥಾನದ ವೈಭವಕ್ಕೆ ಓಡುವುದಿಲ್ಲ. ಯೋಹಾನನ ಸುವಾರ್ತೆಯ ದೃಷ್ಟಿಯಲ್ಲಿ ಶಿಲುಬೆಯೇ ಮಹಿಮೆಯ ಗಳಿಗೆ. ಪಾಡನ್ನು ಹಾದು ಮಾತ್ರ ಮಹಿಮೆಗೆ ದಾರಿ ಎಂಬ ಈ ಕ್ರಮವನ್ನು ನಾಟಕ ಎಷ್ಟರಮಟ್ಟಿಗೆ ಕಾಯ್ದುಕೊಳ್ಳುತ್ತದೆ ಎಂಬುದೇ ಅದರ ಬೆಲೆಕಟ್ಟುವ ಅಳತೆಗೋಲು. ಬೆಳಕು, ಧ್ವನಿ ಮತ್ತು ವೇದಿಕೆಯ ತಂತ್ರಗಳು ಬೆಳೆದಂತೆ ಪುನರುತ್ಥಾನವು ಚಮತ್ಕಾರದ ದೃಶ್ಯವಾಗುವ ಅಪಾಯವೂ ಬೆಳೆಯುತ್ತದೆ. ಇದು ಎಲ್ಲ ಆಚರಣಾತ್ಮಕ ರಂಗಭೂಮಿಗೂ ಅನ್ವಯಿಸುವ ಮಾತು.

6. ಗದ್ದುಗೆ ಮತ್ತು ಬರಿದಾದ ಸಮಾಧಿ

ಈ ಸೀಮೆಯ ಸಾವಿನ ಕಲ್ಪನೆಯಲ್ಲಿ ಸಮಾಧಿಗೆ ಕೇಂದ್ರಸ್ಥಾನವಿದೆ. ಮಂಟೇಸ್ವಾಮಿ ಪರಂಪರೆಯಲ್ಲಿ ಬೊಪ್ಪೇಗೌಡನಪುರದ ಗದ್ದುಗೆ, ಚನ್ನಪಟ್ಟಣದಲ್ಲಿ ಅಕೀಲ್ ಷಾ ಖಾದ್ರಿ ಅವರ ದರ್ಗಾ, ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಬೆಳಕಿಗೆ ಬಂದ ಕೆಂಪೇಗೌಡರ ಸಮಾಧಿ ಎಲ್ಲವೂ ಒಂದೇ ತರ್ಕವನ್ನು ಹೇಳುತ್ತವೆ: ಮಹಾಪುರುಷ ಅಲ್ಲಿದ್ದಾನೆ, ಆದ್ದರಿಂದ ಆ ನೆಲಕ್ಕೆ ಶಕ್ತಿಯಿದೆ. ಗದ್ದುಗೆ ಎಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು.

ಕ್ರೈಸ್ತ ಕಥನದಲ್ಲಿ ಈ ತರ್ಕ ತಲೆಕೆಳಗಾಗಿದೆ. ಆ ಸಮಾಧಿಗೆ ಬೆಲೆ ಬಂದದ್ದು ಅದು ಬರಿದಾಗಿರುವುದರಿಂದ. ಪಾಸ್ಖದ ಮುಂಜಾವಿನಲ್ಲಿ ಪರಿಮಳದ್ರವ್ಯ ಹಿಡಿದು ಬಂದ ಹೆಂಗಸರು ಕಂಡದ್ದು ಶೂನ್ಯವನ್ನು. ಗದ್ದುಗೆಯ ನೆಲದಲ್ಲಿ ಈ ಕಥೆ ಹೇಳುವುದು ಸುಲಭವಲ್ಲ. ಜನಪದ ಕ್ರೈಸ್ತರು ಈ ಎರಡು ತರ್ಕಗಳನ್ನೂ ಬಿಡದೆ ಸಂಧಾನ ಮಾಡಿಕೊಂಡಿರುವುದನ್ನು ನವೆಂಬರ್ 2ರ ಸಕಲ ಮೃತರ ಸ್ಮರಣೆಯ ದಿನದಲ್ಲಿ ಕಾಣಬಹುದು. ಅಂದು ಸಮಾಧಿಗಳನ್ನು ಶುಚಿಗೊಳಿಸಿ, ಹೂವೇರಿಸಿ, ಮೇಣದಬತ್ತಿ ಹಚ್ಚಿ, ಗುರುಗಳಿಂದ ಪವಿತ್ರಜಲ ಪ್ರೋಕ್ಷಣೆ ಮಾಡಿಸುತ್ತಾರೆ. ಮೃತರು ಅಲ್ಲಿದ್ದಾರೆ ಎಂಬಂತೆ ಉಪಚಾರ ನಡೆಯುತ್ತದೆ. ಅವರು ಅಲ್ಲಿ ಶಾಶ್ವತವಾಗಿ ಇರುವುದಿಲ್ಲ ಎಂದು ಪ್ರಾರ್ಥನೆ ಹೇಳುತ್ತದೆ.

ಮರಣಾನಂತರದ ಕ್ರಿಯೆಗಳಲ್ಲಿಯೂ ಈ ಸಂಧಾನವಿದೆ. ಕಥೋಲಿಕ ಸಂಪ್ರದಾಯದ ಮೂರನೆಯ, ಏಳನೆಯ ಮತ್ತು ಮೂವತ್ತನೆಯ ದಿನದ ಪೂಜೆಗಳು, ನೆರೆಯ ಒಕ್ಕಲು ಸಮುದಾಯಗಳ ಮೂರನೆಯ ದಿನದ ಹಾಲುತುಪ್ಪ ಮತ್ತು ಹನ್ನೊಂದನೆಯ ದಿನದ ತಿಥಿಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಸಾವು ಒಂದು ಗಳಿಗೆಯ ಘಟನೆಯಲ್ಲ, ಹಂತಹಂತವಾದ ದಾಟುವಿಕೆ ಎಂದು ರಾಬರ್ಟ್ ಹರ್ಟ್ಸ್ ಮತ್ತು ವಾನ್ ಗೆನೆಪ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೋರಿಸಿದ ಸೂತ್ರ ಎರಡಕ್ಕೂ ಹೊಂದುತ್ತದೆ. ಕಥೋಲಿಕರ ‘ಉತ್ತರಿಸುವ ಸ್ಥಳ’ದ ಕಲ್ಪನೆ ಈ ದಾಟುವಿಕೆಗೆ ಒಂದು ವಿಳಾಸ ಕೊಡುತ್ತದೆ, ಬದುಕಿರುವವರ ಪ್ರಾರ್ಥನೆಯಿಂದ ಸತ್ತವರ ಪಯಣ ಸುಗಮವಾಗುತ್ತದೆ ಎನ್ನುತ್ತದೆ. ಪ್ರೊಟೆಸ್ಟೆಂಟರು ಇದನ್ನು ಒಪ್ಪದೆ ಇರುವುದರಿಂದ ಅವರಲ್ಲಿ ಸ್ಮರಣೆಯ ಕೂಟವಿದೆಯೇ ಹೊರತು ಸತ್ತವರಿಗಾಗಿ ಪ್ರಾರ್ಥನೆಯಿಲ್ಲ. ಪಾಂಡಿತ್ಯದ ಈ ಭಿನ್ನಮತ ಸೂತಕದ ಮನೆಯಲ್ಲಿ ಅಷ್ಟೊಂದು ಕೇಳಿಸುವುದಿಲ್ಲ. ಸತ್ತವರ ಬಗೆಗಿನ ಹೊಣೆ ಸಾವಿನೊಂದಿಗೆ ತೀರುವುದಿಲ್ಲ ಎಂಬುದು ಅಲ್ಲಿ ಎಲ್ಲರ ನಂಬಿಕೆ.

7. ಭರವಸೆಯ ಎದುರು ಒಡಕು

ಇಷ್ಟರಮಟ್ಟಿಗೆ ನೆಲದೊಂದಿಗೆ ಬೆರೆತ ಭರವಸೆ ಮನುಷ್ಯರನ್ನು ಎಷ್ಟು ಬೆಸೆದಿದೆ ಎಂಬ ಪ್ರಶ್ನೆಯನ್ನು ಎದುರಿಸದಿದ್ದರೆ ವಿಮರ್ಶೆ ಸ್ತುತಿಯಾಗುತ್ತದೆ.

ಮೊದಲನೆಯದು ಜಾತಿ. ಜ್ಞಾನಸ್ನಾನವು ಹಳೆಯ ಮನುಷ್ಯನನ್ನು ಸಾಯಿಸಿ ಹೊಸಬನನ್ನು ಎಬ್ಬಿಸುತ್ತದೆ ಎಂಬುದು ಬೋಧನೆ. ಆದರೆ ದಕ್ಷಿಣ ಭಾರತದ ಕ್ರೈಸ್ತರಲ್ಲಿ ಮದುವೆಯ ಸಂಬಂಧಗಳಲ್ಲಿ ಜಾತಿ ಎದ್ದು ಕೂತಿದೆ. ಅನೇಕ ಕಡೆಗಳಲ್ಲಿ ಸ್ಮಶಾನವನ್ನೂ ಹಂಚಿಹಾಕಿದೆ. ಒಂದೇ ಪುನರುತ್ಥಾನಕ್ಕೆ ಕಾಯುವವರು ಬೇರೆ ಬೇರೆ ಸಾಲುಗಳಲ್ಲಿ ಮಲಗಬೇಕಾಗಿ ಬಂದಿರುವುದು ಈ ಭರವಸೆಯ ಮೇಲಿನ ಅತ್ಯಂತ ಕಠೋರ ಟೀಕೆ. ಪ್ರಭುತ್ವದ ನಿಲುವೂ ಈ ಗಾಯವನ್ನು ಮಾಯಗೊಡಲಿಲ್ಲ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಿಂದ ಕ್ರೈಸ್ತರಾದ ದಲಿತರು ಹೊರಗುಳಿದರು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆದರೂ ಇವರಿಗೆ ತೆರೆಯಲಿಲ್ಲ. ಚರ್ಚಿನೊಳಗೆ ದಲಿತ, ಕಚೇರಿಯಲ್ಲಿ ಕ್ರೈಸ್ತ ಎಂಬ ಇಬ್ಬಂದಿ ಬದುಕು ಅವರದಾಯಿತು.

ಎರಡನೆಯದು ಭಾಷೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ನಿನ ಬದಲು ಜನಭಾಷೆಗಳಲ್ಲಿ ಪೂಜೆಗೆ ಅವಕಾಶ ಕೊಟ್ಟಾಗ ಬೆಂಗಳೂರು ಧರ್ಮಪ್ರಾಂತ್ಯದಲ್ಲಿ ಯಾವ ಜನಭಾಷೆ ಎಂಬ ಪ್ರಶ್ನೆ ಹುಟ್ಟಿತು. ಯಾರಿಗೂ ಅರ್ಥವಾಗದ ಲ್ಯಾಟಿನ್ ಎಲ್ಲರನ್ನೂ ಸಮಾನವಾಗಿ ದೂರವಿಟ್ಟಿತ್ತು. ಅರ್ಥವಾಗುವ ಭಾಷೆಗಳು ಬ�ದಾಗ ಜಗಳವೂ ಬಂದಿತು. ನಗರದಲ್ಲಿ ತಮಿಳು ಭಾಷಿಕರು ದೊಡ್ಡ ಸಂಖ್ಯೆಯಲ್ಲಿದ್ದರೆ ಕನಕಪುರ ರಸ್ತೆಯ ಮರಿಯಾಪುರ, ಕನಕಪುರದಾಚೆಯ ಹಾರೋಬೆಲೆಯಂತಹ ಊರುಗಳು ಕನ್ನಡ ಕ್ರೈಸ್ತರ ನೆಲೆಗಳು. ತಲೆಮಾರುಗಳಿಂದ ಕನ್ನಡದಲ್ಲಿಯೇ ಜಪ ಮಾಡಿದವರು ತಮ್ಮದೇ ರಾಜಧಾನಿಯ ಚರ್ಚುಗಳಲ್ಲಿ ಕನ್ನಡಕ್ಕಾಗಿ ಒತ್ತಾಯಿಸಬೇಕಾಯಿತು. ಈ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಪವಿತ್ರಾತ್ಮ ಇಳಿದ ದಿನ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿಸಿಕೊಂಡನೆಂಬ ಪೆಂತೆಕೋಸ್ತಿನ ಕಥೆಯನ್ನು ಓದುವ ಸಮುದಾಯಕ್ಕೆ ಭಾಷೆಯೇ ಬೇಲಿಯಾದದ್ದು ದುರಂತ.

ಮೂರನೆಯದು ಇಹದ ಸಂಕಟ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಗೆ ಕಟ್ಟಿದ ಜಲಾಶಯವೊಂದು ಹಾರೋಬೆಲೆಯ ಹೆಸರನ್ನೇ ಹೊತ್ತಿದೆ. ಜೀವಜಲವನ್ನು ಕುರಿತ ಸುವಾರ್ತೆಯ ಮಾತನ್ನು ಕೇಳುವ ರೈತನ ಹೊಲಕ್ಕೆ ನಗರದ ತ್ಯಾಜ್ಯದ ನೀರು ಹರಿದುಬರುತ್ತದೆ. ನಿತ್ಯಜೀವದ ಭರವಸೆ ಈ ನೀರಿನ ಬಗ್ಗೆ ಮೌನವಹಿಸಿದರೆ ಮೊದಲು ಹೇಳಿದ ವೈಚಾರಿಕರ ಆಕ್ಷೇಪ ಮರುಜೀವ ಪಡೆಯುತ್ತದೆ. ಈ ಸಂಕಟ ಕ್ರೈಸ್ತರೊಬ್ಬರದೇ ಅಲ್ಲ ಎಂಬುದರಲ್ಲಿಯೇ ಬೆಸೆಯುವ ಸಾಧ್ಯತೆಯೂ ಇದೆ.

8. ಬೆಟ್ಟಕ್ಕೆ ಯಾರ ಹೆಸರು?

ಮೇಲಿನ ಒಡಕುಗಳು ಒಳಗಿನವು. ಹೊರಗಿನ ಒಡಕು ಕಪಾಲಬೆಟ್ಟದ ಮೇಲೆಯೇ ಸ್ಫೋಟಿಸಿತು. 2019ರ ಡಿಸೆಂಬರ್ 25ರಂದು ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಅವರು ಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ಮಾಡಿದರು. ಇದಕ್ಕಾಗಿ 10 ಎಕರೆ ಸರ್ಕಾರಿ ಭೂಮಿ ಮಂಜೂರಾಗಿತ್ತು. ಅದನ್ನು ವಿರೋಧಿಸಿ 2020ರ ಜನವರಿ 13ರಂದು ಕನಕಪುರದಲ್ಲಿ ದೊಡ್ಡ ಪ್ರತಿಭಟನಾ ಮೆರವಣಿಗೆ ನಡೆಯಿತು. ಇದು ಮೂಲತಃ ಮುನೇಶ್ವರನ ಬೆಟ್ಟ ಎಂಬ ವಾದವನ್ನು ವಿರೋಧಿಗಳು ಮುಂದಿಟ್ಟರು. ತಲೆಮಾರುಗಳಿಂದ ತಾವು ಪ್ರಾರ್ಥಿಸಿಕೊಂಡು ಬಂದ ಸ್ಥಳವೆಂದು ಗ್ರಾಮದ ಕ್ರೈಸ್ತರು ಹೇಳಿದರು.

ಭೂಮಂಜೂರಾತಿಯ ಸರಿತಪ್ಪುಗಳು ಕಾನೂನಿನ ವಿಷಯ. ಜನಪದ ವಿಮರ್ಶೆಗೆ ಮುಖ್ಯವಾದುದು ಹೆಸರು. ಸುವಾರ್ತೆಯ ಗೊಲ್ಗೊಥಾ ಎಂದರೆ ತಲೆಬುರುಡೆಯ ಸ್ಥಳ, ಕಪಾಲ. ಕಪಾಲಧಾರಿ ಶಿವನನ್ನು ಬಲ್ಲ ನಾಡಿನಲ್ಲಿ ಅದೇ ಪದ ಶೈವ ಧ್ವನಿಯನ್ನೂ ಹೊರಡಿಸುತ್ತದೆ. ಒಂದೇ ಬಂಡೆಗೆ ಎರಡು ಮೂರು ಹೆಸರುಗಳಿರುವುದು, ಒಂದೇ ಹೆಸರಿಗೆ ಎರಡು ಅರ್ಥಗಳಿರುವುದು ಜನಪದ ಭೂಗೋಳದಲ್ಲಿ ಸಾಮಾನ್ಯ ಸಂಗತಿ. ಹೆಸರು ಬಳಕೆಯಾಗಿರುವವರೆಗೆ ಎಲ್ಲರಿಗೂ ಜಾಗವಿರುತ್ತದೆ. ಹೆಸರು ಪಹಣಿಯ ದಾಖಲೆಯೂ ಅನನ್ಯತೆಯ ಬಾವುಟವೂ ಆದಾಗ ಒಬ್ಬರಿಗೆ ಮಾತ್ರ ಜಾಗವಿರುತ್ತದೆ. ‘ಮೂಲ ಯಾರದು’ ಎಂಬ ಪ್ರಶ್ನೆಯೇ ಜನಪದದ್ದಲ್ಲ.

ಇದೇ ಮಾನದಂಡವನ್ನು ಪ್ರತಿಮೆಗೂ ಅನ್ವಯಿಸಬೇಕು. ಅಲ್ಪಸಂಖ್ಯಾತ ಸಮುದಾಯವೊಂದು ತನ್ನ ಭಕ್ತಿಗೆ ಎತ್ತರದ ಗುರುತು ಬಯಸುವುದರಲ್ಲಿ ಅಸಹಜವೇನೂ ಇಲ್ಲ. ಎಲ್ಲ ಸಮುದಾಯಗಳೂ ಎತ್ತರದ ಪ್ರತಿಮೆಗಳಿಗೆ ಪೈಪೋಟಿ ನಡೆಸಿರುವ ಕಾಲವಿದು. ಆದರೂ ನಾಟಕ ಮತ್ತು ಪ್ರತಿಮೆಗಳು ಒಂದೇ ಮಾತನ್ನು ಹೇಳುವುದಿಲ್ಲ. ನಾಟಕದಲ್ಲಿ ಪಾಡನ್ನು ಹಾಯದೆ ಮಹಿಮೆಗೆ ದಾರಿಯಿಲ್ಲ. ಪ್ರತಿ ವರ್ಷ ಮತ್ತೆ ಸೋಲಬೇಕು, ಮತ್ತೆ ಕಾಯಬೇಕು. ಪ್ರತಿಮೆಯಲ್ಲಿ ಮಹಿಮೆ ಒಮ್ಮೆಗೇ ಸ್ಥಾವರಗೊಂಡು ಪಾಡು ಅಳಿಸಿಹೋಗುತ್ತದೆ. ಸ್ಥಾವರಕ್ಕಳಿವುಂಟೆಂಬ ಅರಿವುಳ್ಳ ನಾಡಿನಲ್ಲಿ ಈ ಭೇದವನ್ನು ವಿಸ್ತರಿಸಬೇಕಾಗಿಲ್ಲ. ಹೆಗಲ ಮೇಲಿನ ಮರದ ಶಿಲುಬೆ ಹತ್ತಿಳಿದು ಹೋಗುತ್ತದೆ, ಯಾರ ನೆಲವನ್ನೂ ಬೇಡುವುದಿಲ್ಲ. ಭರವಸೆಯ ದೃಷ್ಟಿಯಿಂದ ಅದೇ ಹೆಚ್ಚು ಸಮರ್ಥ ರೂಪ.

9. ಸಮಾರೋಪ

ಈ ವಿವೇಚನೆಯಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ಕನಕಪುರ–ರಾಮನಗರ ಸೀಮೆಯ ಕ್ರೈಸ್ತ ಭರವಸೆಯು ಬೆಟ್ಟ, ಹರಕೆ, ನಾಟಕ ಮತ್ತು ಸಾವಿನ ಕ್ರಿಯೆಗಳೆಂಬ ನೆಲದ ರೂಪಗಳಲ್ಲಿಯೇ ಬದುಕಿದೆ. ಅದನ್ನು ಹೊರಗಿನದೆನ್ನುವುದು ಆಚರಣೆಯ ಸಾಕ್ಷ್ಯಕ್ಕೆ ವಿರುದ್ಧ. ಹಾಗೆಂದು ಅದು ನೆಲದ ನಂಬಿಕೆಗಳಲ್ಲಿ ಪೂರ್ಣವಾಗಿ ಕರಗಿಯೂ ಇಲ್ಲ. ಬರಿದಾದ ಸಮಾಧಿ, ಎಚ್ಚರಗೊಳ್ಳಬೇಕಾದ ನಿದ್ರೆ, ಸೋಲುವ ನಾಯಕ ಎಂಬ ಆಶಯಗಳು ತಮ್ಮ ಭಿನ್ನತೆಯನ್ನು ಉಳಿಸಿಕೊಂಡಿವೆ. ಜಾತಿ ಮತ್ತು ಭಾಷೆಗಳ ಒಡಕನ್ನು ಗೆಲ್ಲಲು ಈ ಭರವಸೆಗೆ ಇನ್ನೂ ಸಾಧ್ಯವಾಗಿಲ್ಲ. ಆದರೆ ಆ ಒಡಕನ್ನು ತಪ್ಪೆಂದು ತೋರಿಸುವ ಅಳತೆಗೋಲು ಅದರೊಳಗೇ ಇದೆ.

ಜನಪದ ಅಧ್ಯಯನದ ಮುಂದಿರುವ ಕೆಲಸ ಸ್ಪಷ್ಟವಾಗಿದೆ. ಹಳ್ಳಿಗಳ ಪಾಡಿನ ನಾಟಕಗಳ ಹಸ್ತಪ್ರತಿಗಳು, ಶಿಲುಬೆ ಹಾದಿಯ ಧಾಟಿಗಳು, ಸೂತಕದ ಮನೆಯ ಜಪಗಳು, ಉಪದೇಶಿಗಳ ನೆನಪುಗಳು ಹಳೆಯ ತಲೆಮಾರಿನೊಂದಿಗೆ ಮರೆಯಾಗುವ ಮೊದಲು ದಾಖಲಾಗಬೇಕು. ಅವನ್ನು ನೀಲಗಾರರ ಮತ್ತು ದೇವರಗುಡ್ಡರ ಹಾಡುಗಳ ಪಕ್ಕದಲ್ಲಿಯೇ ಇಟ್ಟು ಓದಬೇಕು. ಒಂದೇ ಬಂಡೆಯ ನೆರಳಿನಲ್ಲಿ ರಾಗಿ ಬಿತ್ತಿದವರು ಸಾವನ್ನು ಕುರಿತು ಎಷ್ಟು ಬಗೆಯಾಗಿ ಯೋಚಿಸಿದ್ದಾರೆಂಬುದು ಆಗ ತಿಳಿದೀತು. ಬೆಟ್ಟ ಯಾರದೆಂದು ಕೇಳುವವರಿಗೆ ಆ ಓದೇ ತಕ್ಕ ಉತ್ತರವಾದೀತು.